ಮಾವನ ಮೀಸೆಯೂ ರಿವರ್ಸ್ ಗೇರೂ

ಮನುಷ್ಯನಿಗೆ ಯಾವ ವಿದ್ಯೆ ಯಾವಾಗ ಒದಗಿಬರುತ್ತದೆ ಎಂದು ಹೇಳಲಾಗದು. ಈಜು ಕಲಿತವನಿಗೆ ಬಾವಿಯೇ ಸಿಗದೆ ಹೋಗಬಹುದು. ತಬಲ ಕಲಿತವನನ್ನು ನೆರೆಮನೆಯವರು ಬಾರಿಸಲು ಬಿಡದಿರಬಹುದು. ನಾನು ಕಾರು ಓಡಿಸುವುದನ್ನು ಕಲಿತೆ. ಪೂರ್ತಿ ಕಲಿತೆ ಎಂದು ಬರೆದರೆ ನನ್ನ ಹೆಂಡತಿ ಜಯಮ್ಮ ಅಡಿಗೆಮನೆಯಿಂದ ಕೆಮ್ಮುತ್ತಾಳೆ, ಆದ್ದರಿಂದ ಅರ್ಧ ಕಲಿತೆ ಎನ್ನೋಣ. ಎಲ್ಲರೂ ಮೊದಲು ಮುಂದಕ್ಕೆ ಹೋಗುವುದನ್ನು ಕಲಿತು ಆಮೇಲೆ ಹಿಂದಕ್ಕೆ ಬರುವುದನ್ನು ಕಲಿಯುತ್ತಾರೆ. ನನಗೆ ಚೆನ್ನಾಗಿ ಬಂದದ್ದು ಹಿಂದಕ್ಕೆ ಹೋಗುವುದು. ಮುಂದಕ್ಕೆ ಹೋಗುವುದು ಈಗಲೂ ದೇವರ ದಯೆ. ಇದನ್ನು ನಾಚಿಕೊಂಡು ಹೇಳುತ್ತಿದ್ದೇನೆಂದು ತಿಳಿಯಬೇಡಿ, ಎದೆ ಸೆಟೆಸಿಯೇ ಹೇಳುತ್ತಿದ್ದೇನೆ. ಏಕೆಂದರೆ ಆ ಹಿಂದಕ್ಕೆ ಹೋಗುವ ವಿದ್ಯೆಯಿಂದಲೇ ನಾನು ಒಂದು ಮದುವೆಗೆ ಕಳೆ ತಂದಿದ್ದೇನೆ, ಒಂದು ಮೀಸೆಯನ್ನು ಉಳಿಸಿದ್ದೇನೆ.

ಆಗ ನಾನು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಟೈಮ್ ಆಫೀಸಿನ ಗುಮಾಸ್ತ. ಗಣಿಗೆ ಯಾರು ಎಷ್ಟು ಹೊತ್ತಿಗೆ ಇಳಿದರು, ಎಷ್ಟು ಹೊತ್ತಿಗೆ ಹತ್ತಿದರು ಎಂದು ಬರೆಯುವುದು ನನ್ನ ಕೆಲಸ. ನಾನು ಮಾತ್ರ ಕುರ್ಚಿಯಿಂದ ಕೆಳಗೆ ಇಳಿದವನಲ್ಲ. ಗಣಿಗಳು ಸರ್ಕಾರದ ಕೈಗೆ ಬಂದು ಬಿಳಿ ದೊರೆಗಳೆಲ್ಲ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ತಮ್ಮ ಸೀಮೆಗೆ ಹೊರಟಿದ್ದ ಕಾಲ ಅದು. ಹೊರಟವರು ನಾಯಿ, ಪಿಯಾನೊ, ಗುಲಾಬಿ ಕುಂಡ ಎಲ್ಲವನ್ನೂ ಸಿಕ್ಕಿದವರ ಕೈಗೆ ದಾಟಿಸಿ ಹೋಗುತ್ತಿದ್ದರು. ಹಾಗೆ ಒಬ್ಬ ದೊರೆಯ ಹಳೆಯ ಕಾರು ನನ್ನ ಪಾಲಿಗೆ ಬಂತು. ನನ್ನ ಮೇಲಿನ ವಿಶ್ವಾಸದಿಂದ ಬಂತು ಎಂದು ನಾನು ಹೇಳುತ್ತೇನೆ, ಬೇರೆ ಯಾರೂ ಬೇಡವೆಂದದ್ದರಿಂದ ಬಂತು ಎಂದು ಜಯಮ್ಮ ಹೇಳುತ್ತಾಳೆ. ಅದಕ್ಕೆ ನಾಲ್ಕು ಚಕ್ರವೂ, ಊರಿಗೆಲ್ಲ ಕೇಳುವ ಒಂದು ಹಾರನ್ನೂ, ಬೆಳಗಿನ ಚಳಿಗೆ ಮುದುಕರಂತೆ ಕೆಮ್ಮುವ ಒಂದು ಎಂಜಿನ್ನೂ ಇದ್ದವು. ಇಲ್ಲದ್ದೆಂದರೆ ಓಡಿಸಲು ಬರುವ ಯಜಮಾನ ಮಾತ್ರ.

ನಾನು ಓದಿದವನಲ್ಲವೇ, ಆದ್ದರಿಂದ ಮೊದಲು ಕಾರನ್ನು ಮುಟ್ಟಲಿಲ್ಲ, ರಸ್ತೆ ನಿಯಮಗಳ ಪುಸ್ತಕವನ್ನು ಮುಟ್ಟಿದೆ. ಎಡಗಡೆ ನಡೆಯಬೇಕು, ತಿರುವಿನಲ್ಲಿ ಹಾರನ್ ಮಾಡಬೇಕು, ಬಲಕ್ಕೆ ತಿರುಗುವ ಮುಂಚೆ ಬಲಗೈ ಚಾಚಬೇಕು, ನಿಧಾನ ಮಾಡುವಾಗ ಅದೇ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ಊಟದ ಮುಂದೆಯೂ ಇದನ್ನೇ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ. ಜಯಮ್ಮ ಬೂದಿಕೋಟೆ ಕಡೆಯ ಹಳ್ಳಿಯವಳು, ಲಂಗ ಉಡುವ ವಯಸ್ಸಿನಿಂದ ಅಪ್ಪನ ಎತ್ತಿನ ಬಂಡಿ ಹೊಡೆದವಳು. ಒಂದು ದಿನ ಸಾರು ಬಡಿಸುತ್ತ, "ಏನೂಂದ್ರೆ, ಹೊಲದ ಬಂಡಿ ದಾರಿ ಒಂದೇ ಬಂಡಿ ಅಗಲ ಇರ್ತದಲ್ಲ, ಅದ್ರಾಗೆ ಎದುರಿಗೆ ಇನ್ನೊಂದು ಬಂದ್ರೆ ಏನ್ ಮಾಡ್ಬೇಕಂತೆ ನಿಮ್ಮ ಪುಸ್ತಕದಾಗೆ?" ಎಂದಳು. ನಾನು ಎಡಗೈಯಲ್ಲೇ ಪುಟ ತಿರುಗಿಸಿ ನೋಡಿದೆ, ಎಲ್ಲೂ ಇರಲಿಲ್ಲ. "ಅದು ಇಲ್ಲ" ಎಂದೆ. "ಮತ್ತೆ ಅದೇನ್ ಪುಸ್ತಕ? ಭಾರ ಇರೋನ್ಗೆ ದಾರಿ, ಖಾಲಿ ಇರೋನು ಇಂದಕ್ಕೋಗ್ಬೇಕು. ನಮ್ಮ ಕಡೆಗೆಲ್ಲ ಅದೊಂದೇ ಕಾನೂನು" ಎಂದು ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹಳ್ಳಿಯ ಕಾನೂನು ಹಳ್ಳಿಗೆ ಎಂದುಕೊಂಡು ನಾನು ಮಜ್ಜಿಗೆಗೆ ಕಾದು ಕುಳಿತೆ.

ಕಾರು ಕಲಿಸಲು ಒಪ್ಪಿದವನು ನಮ್ಮ ಲೈನಿನಲ್ಲೇ, ಎಂದರೆ ಗಣಿಯವರ ಮನೆಗಳ ಸಾಲಿನಲ್ಲೇ, ಇದ್ದ ಲಾರಿ ಡ್ರೈವರ್ ಸೆಲ್ವರಾಜ್. ಅವನ ಕನ್ನಡಕ್ಕೆ ಅರ್ಧ ತಮಿಳು, ಅವನ ತಾಳ್ಮೆಗೆ ಪೂರ್ತಿ ನಮಸ್ಕಾರ. "ಸಾರ್, ಕ್ಲಚ್ ಮೇಲಿಂದ ಕಾಲು ಮೆಲ್ಲ ಎತ್ತಿ ಸಾರ್, ಕೆಳಗೆ ಕೋಳಿಮರಿ ಇರೋ ಹಂಗೆ" ಎನ್ನುತ್ತಿದ್ದ. ನಾನು ಎತ್ತಿದ ರೀತಿಗೆ ಕೋಳಿಯೂ ಉಳಿಯುತ್ತಿರಲಿಲ್ಲ, ಮರಿಯೂ ಉಳಿಯುತ್ತಿರಲಿಲ್ಲ. "ಅಯ್ಯೋ, ಪೋಚ್ಚು, ಹೋಯ್ತು!" ಎಂದು ಅವನು ಹಣೆ ಹಿಡಿದುಕೊಳ್ಳುವುದಕ್ಕೂ ಎಂಜಿನ್ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಒಂದು ಸಲ ಕಾಮಸಮುದ್ರದ ರಸ್ತೆಯಲ್ಲಿ ಹೋಗುವಾಗ ಪುಸ್ತಕದಲ್ಲಿ ಹೇಳಿದಂತೆ ಕೈ ಹೊರಗೆ ಚಾಚಿ, ಮೇಲೆ ಕೆಳಗೆ ಆಡಿಸಿ ನಿಧಾನ ಮಾಡಿದೆ. ರಸ್ತೆ ಬದಿಯಲ್ಲಿ ಅವರೆಕಾಯಿ ಮಂಕರಿ ಹೊತ್ತು ನಿಂತಿದ್ದ ಮುದುಕಿ ಓಡಿಬಂದು ಬಾಗಿಲು ತೆಗೆದು ಹಿಂದೆ ಕೂತೇಬಿಟ್ಟಳು. ಇಳಿಯಮ್ಮ ಎಂದರೆ, "ಕೈ ಮಾಡಿ ಕರೆದೋನು ನೀನೇ ತಾನೇನಪ್ಪ? ಮುದುಕೀನ ಕರೆದು ಇಳಿಸ್ತೀಯಾ?" ಎಂದು ನನ್ನನ್ನೇ ಗದರಿಸಿದಳು. ಬಂಡಿಯವನು ಕೈ ಮಾಡಿದರೆ ಬಾ ಹತ್ತು ಎಂದೇ ಆ ಕಡೆಯ ಲೆಕ್ಕ. ಅವಳನ್ನು ಕಾಮಸಮುದ್ರದ ಸಂತೆಗೆ ಮುಟ್ಟಿಸಿ, ಆಶೀರ್ವಾದವನ್ನೂ ಒಂದು ಮಡಿಲು ಅವರೆಕಾಯಿಯನ್ನೂ ಪಡೆದು ವಾಪಸು ಬಂದೆವು. ಜಯಮ್ಮ ಆ ರಾತ್ರಿ ಹಿತಕಬೇಳೆ ಹುಳಿ ಮಾಡಿ, ಕಾರಿನಿಂದ ಬಂದ ಮೊದಲ ಲಾಭ ಎಂದಳು.

ಲೈಸೆನ್ಸ್ ಕೊಡುವವರು ಬಂಗಾರಪೇಟೆಗೆ ಆಗಾಗ ಬರುತ್ತಿದ್ದ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು. ಭಾರಿ ಆಳು. ಅವರು ಕೂತರೆ ಕಾರು ಅವರ ಕಡೆಗೇ ವಾಲುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ನನ್ನನ್ನು ಕೂರಿಸಿಕೊಂಡು, "ಎಡಕ್ಕೆ ಹಿಡಿದು ಹೋಗಿ" ಎಂದರು. ಎಡಕ್ಕೆ ನಡೆಯುವ ನಿಯಮವನ್ನು ಅವತ್ತು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ಮೈಸೂರು ಸೀಮೆಯಲ್ಲೇ ಇರಲಾರರು. ಎದುರಿಗೆ ಒಂದು ಬಸ್ಸು ಬಂತು, ಇನ್ನೂ ಎಡಕ್ಕೆ ಹೋದೆ. ಬಸ್ಸಿನ ಹಿಂದೆ ಜಟಕಾ ಬಂತು, ಮತ್ತೂ ಎಡಕ್ಕೆ ಹೋದೆ. ಆಮೇಲೆ ಎಡಕ್ಕೆ ಉಳಿದದ್ದು ಕಾಫಿ ಹೋಟೆಲಿನ ಮುಂದಿನ ಚರಂಡಿಯೊಂದೇ, ಅದರೊಳಕ್ಕೂ ಹೋದೆ. ಸಾಹೇಬರು ಒಂದು ಬೂಟನ್ನು ಚರಂಡಿಯಿಂದ ಎತ್ತಿ ನೀರು ಬಸಿದು, "ನಿಯಮ ಸರಿಯಾಗಿ ಓದಿದ್ದೀರಿ. ಮುಂದಿನ ಸಲ ರಸ್ತೆಯನ್ನೂ ಸ್ವಲ್ಪ ನೋಡಿ" ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಮನೆಯಲ್ಲಿ ಬೇರೆ ರೀತಿ ಹೇಳಿಕೊಳ್ಳೋಣವೆಂದರೆ, ಕಾರಿನ ವಾಸನೆ ನನಗಿಂತ ಮೊದಲೇ ಮನೆ ಸೇರಿತ್ತು. ಲೈಸೆನ್ಸ್ ಬರುವ ತನಕ ಕಾರು ನಮ್ಮ ಓಣಿ ಬಿಟ್ಟು ಹೊರಗೆ ಹೋಗಕೂಡದು ಎಂದು ಜಯಮ್ಮ ಅಪ್ಪಣೆ ಮಾಡಿದಳು.

ಈಗ ನಮ್ಮ ಓಣಿಯ ವಿಚಾರ ಹೇಳಬೇಕು. ಅದರ ಒಂದು ತುದಿ ದೊಡ್ಡ ರಸ್ತೆಗೆ, ಇನ್ನೊಂದು ತುದಿ, ಚಿನ್ನ ತೆಗೆದು ಉಳಿದ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ತಂತಿಬೇಲಿಗೆ. ನಮ್ಮ ಮನೆ ರಸ್ತೆಯ ಕಡೆಗೆ. ಮನೆಯ ಎದುರಿಗೇ ಇಡೀ ಲೈನಿನ ನಲ್ಲಿ. ಕಾರು ತಿರುಗಿಸುವುದಿರಲಿ, ಇಬ್ಬರು ಕೊಡೆ ಬಿಚ್ಚಿಕೊಂಡು ಹೋಗುವುದೂ ಅಲ್ಲಿ ಕಷ್ಟ. ಮನೆಯಿಂದ ಬೇಲಿಯ ತನಕ ಮುಂದಕ್ಕೆ ಹೋದರೆ ಬೇಲಿಯಿಂದ ನಲ್ಲಿಯ ತನಕ ಹಿಂದಕ್ಕೇ ಬರಬೇಕು. ಮುಂದಕ್ಕೆ ಹೋಗುವಾಗ ಎದುರಿಗೆ ಬೂದಿಬಣ್ಣದ ದಿಬ್ಬ ಬಿಟ್ಟರೆ ಏನೂ ಇಲ್ಲ, ಅದರಿಂದ ಕಲಿಯುವುದೂ ಏನಿಲ್ಲ. ಹಿಂದಕ್ಕೆ ಬರುವಾಗ ಓಣಿಯ ಎರಡು ಬದಿಗೂ ಸರದಿಗಿಟ್ಟ ಹಿತ್ತಾಳೆ ಕೊಡ, ಮಣ್ಣಿನ ಕೊಡ, ಬಕೀಟು, ಅವುಗಳ ಪಕ್ಕ ಅವುಗಳ ಒಡತಿಯರು. ಆ ಒಡತಿಯರಿಗೆಲ್ಲ ನಾಯಕಿ ಅಂಜಲೈ. ಸೊಂಟಕ್ಕೆ ಸೆರಗು ಸಿಕ್ಕಿಸಿ ಓಣಿಯ ನಡುವೆ ನಿಂತು, "ವಾಂಗ ಸಾರ್, ವಾಂಗ, ವಾಂಗ..." ಎಂದು ಎರಡು ಕೈಯಲ್ಲೂ ಕರೆಯುತ್ತಿದ್ದಳು. ಚಕ್ರ ಕೊಡಕ್ಕೆ ಕೂದಲೆಳೆ ಅಂತರಕ್ಕೆ ಬಂದಾಗ, "ನಿಲ್ಲುಂಗ! ಎನ್ ಕೊಡಂ ಸಾರ್!" ಎಂಬ ಕೂಗಿಗೆ ದಿಬ್ಬದ ಕಾಗೆಗಳೆಲ್ಲ ಹಾರುತ್ತಿದ್ದವು. ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರ ಎದುರು ತಪ್ಪು ಮಾಡಬಹುದು, ಅಂಜಲೈಯ ಕೊಡದ ಎದುರು ಮಾಡುವಂತಿಲ್ಲ. ದಿನಾ ಸಂಜೆ ಆ ಹೆಂಗಸರ ಕಣ್ಣಮುಂದೆ ಅಭ್ಯಾಸ ಮಾಡಿ ಮಾಡಿ, ಕೊನೆಗೆ ಕುತ್ತಿಗೆ ತಿರುಗಿಸಿ ಕೂತರೆ ಸಾಕು, ಕಾರು ಸೂಜಿಗೆ ದಾರ ಪೋಣಿಸಿದ ಹಾಗೆ ಕೊಡಗಳ ನಡುವೆ ಹಿಂದಕ್ಕೆ ಹೋಗುತ್ತಿತ್ತು. ಮುಂದಕ್ಕೆ ಮಾತ್ರ ಎಂದಿನಂತೆಯೇ ಎಗರುತ್ತ ಹೋಗುತ್ತಿತ್ತು.

ಇಷ್ಟರಲ್ಲಿ ಜಯಮ್ಮನ ತಂಗಿಯ ಮದುವೆ ಗೊತ್ತಾಯಿತು. ಬಂಗಾರಪೇಟೆಯ ಛತ್ರದಲ್ಲಿ ಮದುವೆ. ಹೆಣ್ಣು ಹಳ್ಳಿಯಿಂದ ಛತ್ರಕ್ಕೆ ಬರಬೇಕು. ನಮ್ಮ ಮಾವ ಮುನಿಶಾಮಪ್ಪನವರು ಆಮಂತ್ರಣ ಹೇಳಲು ಬಂದಾಗ, "ಅಳಿಯಂದ್ರೇ, ಲೈಸೆನ್ಸು ಆಯ್ತಾ?" ಎಂದರು. ನಾನು ಚರಂಡಿಯ ವಿಷಯ ಎತ್ತದೆ, "ಆದ ಹಾಗೇ ಮಾವ" ಎಂದೆ. ಅಷ್ಟು ಹೇಳಿದ್ದು ಅವರಿಗೆ ಸಾಕಾಯಿತು. ಬೀಗರ ಮನೆಗೆ ಹೋಗಿ, "ನಮ್ಮ ಹುಡುಗಿ ಬಂಡ್ಯಾಗೆ ಬರಲ್ಲ, ಮೋಟಾರ್ನಾಗೆ ಬತ್ತಾಳೆ. ಬಾಡಿಗೆ ಡ್ರೈವರ್ ಅಲ್ಲ, ನಮ್ಮ ದೊಡ್ಡಳಿಯನೇ ಓಡಿಸ್ಕಂಡು ಬತ್ತಾನೆ" ಎಂದು ಸಾರಿದರಂತೆ. ಗಂಡಿನ ಸೋದರಮಾವ ಯಾರೋ, "ನೋಡಾನ ಬಿಡು, ಗುಮಾಸ್ತ್ರು ಮೋಟಾರ್ ಓಡ್ಸೋದು ಯಾವ ಸೀಮೇಲೈತೆ" ಎಂದು ನಕ್ಕನಂತೆ. ಮಾವನಿಗೆ ರೇಗಿತು. ತುಂಬಿದ ಜಗಲಿಯಲ್ಲಿ ಎದ್ದು ನಿಂತು, "ನನ್ನಳಿಯ ಓಡಿಸ್ಕಂಡು ಬರ್ದಿದ್ರೆ ಧಾರೆ ಒತ್ನಾಗೆ ಈ ಮೀಸೆ ಇರಲ್ಲ" ಎಂದು ಆಣೆ ಮಾಡಿಬಿಟ್ಟರು. ನಮ್ಮ ಮಾವನ ಮೀಸೆ ಅಂಥಿಂಥ ಮೀಸೆಯಲ್ಲ. ಬೂದಿಕೋಟೆ ಹೋಬಳಿಯಲ್ಲಿ ಅವರ ಹೆಸರು ಗೊತ್ತಿಲ್ಲದವರಿದ್ದರು, ಮೀಸೆ ಗೊತ್ತಿಲ್ಲದವರಿರಲಿಲ್ಲ. ಸುದ್ದಿ ಕೇಳಿ ಜಯಮ್ಮ ನನ್ನ ಎದುರು ಬಂದು ನಿಂತು, "ಮೀಸೆ ಇಲ್ದೆ ನಮ್ಮಪ್ಪನ್ನ ನಾನು ನೋಡ್ಲಾರೆ. ಏನ್ ಮಾಡ್ತೀರೋ ಮಾಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಲ್ಲಿಯ ತನಕ ನನಗೆ ಲೈಸೆನ್ಸ್ ಎಂದರೆ ಒಂದು ಶೋಕಿ, ಅವತ್ತಿನಿಂದ ಅದು ಮಾವನ ಮಾನದ ಪ್ರಶ್ನೆ.

ಮದುವೆಗೆ ಮುಂಚೆ ಸಾಹೇಬರು ಬಂಗಾರಪೇಟೆಗೆ ಬರುವುದು ಒಂದೇ ಸಲ ಇತ್ತು. ಆ ದಿನ ಸೆಲ್ವರಾಜ್ ಕಾರನ್ನು ಅಲ್ಲಿಗೆ ತಲುಪಿಸಿ, ನನ್ನ ಕೈ ಕುಲುಕಿ, ಮುರುಗನಿಗೆ ಕೈ ಮುಗಿದು ಮರದ ಕೆಳಗೆ ನಿಂತ. ಸಾಹೇಬರು ನನ್ನ ಮುಖ ಕಂಡೊಡನೆ ತಮ್ಮ ಬೂಟುಗಳನ್ನು ನೋಡಿಕೊಂಡರು. "ಊರೊಳಗೆ ಬೇಡ, ಬೂದಿಕೋಟೆ ರಸ್ತೆಗೆ ನಡೀರಿ" ಎಂದರು. ಆ ದಾರಿಯಲ್ಲಿ ಚರಂಡಿ ಇಲ್ಲವೆಂಬ ಧೈರ್ಯ ಅವರಿಗಿದ್ದಿರಬೇಕು. ನಾಲ್ಕು ಸಲ ಎಗರಿ, ಒಂದು ಸಲ ನಿಂತು, ಹೇಗೋ ಊರು ದಾಟಿದೆವು. ಸಾಹೇಬರ ಪೆನ್ಸಿಲ್ ಆಗಾಗ ಏನೋ ಗೀಚುತ್ತಿತ್ತು. ಮುಂದೆ ಒಂದು ಕೆರೆ. ರಸ್ತೆ ಏರಿಯ ಮೇಲೇ ಇಕ್ಕಟ್ಟಾಗಿ ಹೋಗುತ್ತದೆ. ಎಡಗಡೆ ತುಂಬಿದ ನೀರು, ಬಲಗಡೆ ಕೆಳಗೆ ಗದ್ದೆ. ಏರಿಯನ್ನು ಮುಕ್ಕಾಲು ದಾಟಿದ್ದೆವು, ಎದುರಿಗೆ ಬೆಟ್ಟದ ಹಾಗೆ ಹೇರಿಕೊಂಡು ಒಂದು ಬಂಡಿ ಬಂತು. ಕೆಳಗೆ ಸೌದೆ, ಮೇಲೆ ತೆಂಗಿನ ಗರಿ, ಅದರ ಮೇಲೆ ಬಾಳೆಎಲೆಯ ಕಟ್ಟುಗಳು, ಎಲ್ಲಕ್ಕೂ ಮೇಲೆ ಒಂದು ಮೀಸೆ. ಛತ್ರಕ್ಕೆ ಸಾಮಾನು ಹೇರಿಕೊಂಡು ಹೊರಟಿದ್ದ ನಮ್ಮ ಮಾವ!

ಮಾವ ಹಗ್ಗ ಹಿಡಿದು ನಿಲ್ಲಿಸಿದರು. "ಓಹೋ, ಅಳಿಯಂದ್ರು! ಸಾಯೇಬ್ರನ್ನ ಕೂರಿಸ್ಕಂಡು ಎತ್ತ ಒಂಟಿದ್ದೀರಿ?" ಎಂದರು ಸಂತೋಷದಿಂದ. ನಾನು ಪರೀಕ್ಷೆಗೆ ಬಂದಿದ್ದೇನೆಂದು ಅವರಿಗೆ ಹೇಗೆ ತಿಳಿಯಬೇಕು? ಸಾಹೇಬರು, "ಯಾರ್ರೀ ಅದು?" ಎಂದರು. "ನಮ್ಮ ಮಾವ ಸಾರ್." "ಮಾವ ಆಗಲಿ, ಮಾವನ ಅಪ್ಪ ಆಗಲಿ. ಹಾರನ್ ಮಾಡಿ, ಎಡಕ್ಕೆ ಹಿಡಿದು ಮುಂದೆ ನಡೀರಿ." ಅದೇ ಹೊತ್ತಿಗೆ ಮಾವ ಮೇಲಿನಿಂದ, "ಇಂದಕ್ಕೋಗಿ ಅಳಿಯಂದ್ರೇ, ನಂದು ಭಾರದ ಬಂಡಿ!" ಎಂದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕೇಳಿದ್ದೆ. ಅವತ್ತು ಏರಿಯ ಮೇಲೆಯೇ ನೀರಿನ ಪಕ್ಕದಲ್ಲೇ ಅದರ ಅರ್ಥ ಆಯಿತು. ಪುಸ್ತಕ ಸಾಹೇಬರ ಕಡೆಗಿತ್ತು. ಆದರೆ ಮಾವನ ಎಡಗಡೆಯ ಎತ್ತು ಹಾರನ್ನಿಗೆ ಬೆದರುವ ಎತ್ತು. ಹಿಂದೆ ಒಂದು ಸಲ ಮಾವನ ಮನೆ ಮುಂದೆ ಸೆಲ್ವರಾಜ್ ಹಾರನ್ ಮಾಡಿದ್ದಕ್ಕೆ ಅದು ಹಗ್ಗ ಕಿತ್ತುಕೊಂಡು ತಿಪ್ಪೆ ಹತ್ತಿ ನಿಂತಿತ್ತು. ಇಲ್ಲಿ ಹತ್ತಲು ತಿಪ್ಪೆ ಇರಲಿಲ್ಲ, ಬೀಳಲು ಗದ್ದೆಯಿತ್ತು. ಹಾರನ್ ಮಾಡಿದರೆ ಸೌದೆ, ಗರಿ, ಎಲೆ, ಮಾವ, ಮೀಸೆ ಎಲ್ಲವೂ ಗದ್ದೆ ಪಾಲು. ಮಾಡದಿದ್ದರೆ ಲೈಸೆನ್ಸ್ ಹೋಗಿ ಮೀಸೆ ಕ್ಷೌರಿಕನ ಪಾಲು. ನನ್ನ ಕೈ ಹಾರನ್ನಿನ ತನಕ ಹೋಗಿ ವಾಪಸು ಬಂತು. ಗೇರು ಹಿಡಿದು, ಹಿಂದಕ್ಕೆ ಹಾಕಿದೆ.

ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಸೀಟಿನ ಬೆನ್ನ ಮೇಲೆ ಕೈ ಹಾಕಿ ಕುತ್ತಿಗೆ ತಿರುಗಿಸಿದೆ. ಏರಿಯ ಎರಡು ಅಂಚಿನಲ್ಲೂ ನನಗೆ ಕೊಡಗಳು ಸಾಲಾಗಿ ಕಂಡವು. "ವಾಂಗ ಸಾರ್, ವಾಂಗ" ಎಂದು ಕಿವಿಯಲ್ಲಿ ಅಂಜಲೈ ಕೂಗಿದಳು. ಕಾರು ಹಿಂದಕ್ಕೆ ಹೊರಟಿತು. ಎಗರಲಿಲ್ಲ, ನಿಲ್ಲಲಿಲ್ಲ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೊರಟಿತು. ಸಾಹೇಬರು ಮೊದಲು, "ರೀ, ರೀ, ಏನ್ರೀ ಮಾಡ್ತಿದ್ದೀರಿ!" ಎಂದು ಕೂಗಿದರು, ಆಮೇಲೆ ಬಾಗಿಲನ್ನು ಹಿಡಿದುಕೊಂಡರು, ತೂಬಿನ ಹತ್ತಿರದ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡರು. ಎದುರಿನಿಂದ ಮಾವನ ಎತ್ತುಗಳು ತಲೆ ಆಡಿಸುತ್ತ, ನಮ್ಮನ್ನು ಬೀಳ್ಕೊಡುವವರ ಹಾಗೆ ನಿಧಾನವಾಗಿ ಹಿಂದೆಯೇ ಬರುತ್ತಿದ್ದವು. ಇಡೀ ಏರಿಯನ್ನು ಹಾಗೇ ಹಿಂದಕ್ಕೆ ದಾಟಿ, ತುದಿಯಲ್ಲಿದ್ದ ಹೊಂಗೆ ಮರದ ಕೆಳಗೆ ಕಾರನ್ನು ಒತ್ತಿ ನಿಲ್ಲಿಸಿದೆ. ಬಂಡಿ ನಮ್ಮನ್ನು ದಾಟುವಾಗ ಮಾವ ಮೇಲಿನಿಂದ ಬಗ್ಗಿ, "ಎಂಗೆ ಸಾಯೇಬ್ರೇ ನಮ್ಮಳಿಯ?" ಎಂದು ಮೀಸೆ ತಿರುವಿಕೊಂಡು ಹೋದರು.

ಸಾಹೇಬರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. "ಹಾರನ್ ಮಾಡಿ ಅಂದರೆ ಹಿಂದಕ್ಕೆ ಬಂದಿರಲ್ಲ, ಇದು ಯಾವ ರೂಲಿನಲ್ಲಿದೆ?" ಎಂದರು. "ಪುಸ್ತಕದಲ್ಲಿಲ್ಲ ಸಾರ್. ಭಾರ ಇದ್ದವರಿಗೆ ದಾರಿ, ಖಾಲಿ ಇದ್ದವರು ಹಿಂದಕ್ಕೆ ಅಂತ ಬಂಡಿ ದಾರಿಯ ರೂಲು. ಹಾರನ್ ಮಾಡಿದ್ದರೆ ಎತ್ತು ಬೆದರುತ್ತಿತ್ತು ಸಾರ್." "ಖಾಲೀನಾ?" ಎಂದು ಸಾಹೇಬರು ತಮ್ಮ ಹೊಟ್ಟೆಯನ್ನು ನೋಡಿಕೊಂಡರು. "ನನ್ನ ತೂಕ ನಿಮಗೆ ಲೆಕ್ಕಕ್ಕಿಲ್ಲವೇನ್ರೀ?" ಎಂದು ಗಟ್ಟಿಯಾಗಿ ನಗಲು ಶುರುಮಾಡಿದರು. ಕಾರು ಕುಲುಕಿತು. ನಕ್ಕು ಮುಗಿಸಿ, "ಇಷ್ಟು ದೂರ ಹಿಂದಕ್ಕೆ ನಾನೂ ಓಡಿಸಿಲ್ಲ. ಯಾರು ಕಲಿಸಿದರು?" ಎಂದರು. "ನಲ್ಲಿ ಹತ್ತಿರದ ಹೆಂಗಸರು ಸಾರ್" ಎಂದೆ. ಅವರು ಅದನ್ನು ತಮಾಷೆ ಎಂದುಕೊಂಡು ಇನ್ನೊಂದು ಸಲ ನಕ್ಕರು. ಅವತ್ತು ಸಂಜೆಯೊಳಗೆ ಲೈಸೆನ್ಸ್ ನನ್ನ ಜೇಬಿನಲ್ಲಿತ್ತು. ಸೆಲ್ವರಾಜ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಜಯಮ್ಮ ಲೈಸೆನ್ಸನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು, ಆ ಕಲೆ ಇನ್ನೂ ಇದೆ.

ಕಥೆ ಇಲ್ಲಿಗೆ ಮುಗಿಯಿತೆಂದು ನಾನೂ ತಿಳಿದಿದ್ದೆ. ಮದುವೆಯ ಹಿಂದಿನ ದಿನ ನಮ್ಮ ಅತ್ತೆಯವರು ಹೇಳಿಕಳಿಸಿದರು, ಮದುವಣಗಿತ್ತಿ ಕೂತ ಬಂಡಿ ಒಂದು ಹೆಜ್ಜೆಯೂ ಹಿಂದಕ್ಕೆ ಹೋಗಬಾರದಂತೆ, ಅಪಶಕುನವಂತೆ. ದೇವರು ಕೊಟ್ಟ ಒಂದೇ ವಿದ್ಯೆಗೆ ಅಡ್ಡಗಾಲು! ದೊಡ್ಡ ರಸ್ತೆಯಿಂದ ಅವರ ಮನೆಗೆ ಹೊಲದ ನಡುವೆ ಬಂಡಿ ದಾರಿ, ಒಂದೇ ಬಂಡಿಯ ಅಗಲ. ಮನೆಯ ಮುಂದೆ ಒಂದು ಕಡೆ ತಿಪ್ಪೆ, ಇನ್ನೊಂದು ಕಡೆ ಹುಲ್ಲಿನ ಬಣವೆ, ಕಾರು ತಿರುಗಿಸಲು ಜಾಗವಿಲ್ಲ. ಮೂತಿ ಮುಂದಾಗಿ ಒಳಗೆ ಹೋದರೆ ಹೆಣ್ಣನ್ನು ಕೂರಿಸಿಕೊಂಡು ಹಿಂದಕ್ಕೇ ಬರಬೇಕು. ನಾನು ಯೋಚಿಸಿದೆ, ಯೋಚಿಸಿ ನಕ್ಕೆ. ಮರುದಿನ ಬೆಳಿಗ್ಗೆ ಕಾರಿಗೆ ಮಾವಿನ ತೋರಣ ಕಟ್ಟಿ, ರಸ್ತೆಯಿಂದಲೇ ಕಾರನ್ನು ಹಿಂದುಮುಂದು ಮಾಡಿ, ಆ ಬಂಡಿ ದಾರಿಯಲ್ಲಿ ಮನೆಯ ತನಕ ರಿವರ್ಸ್ ಗೇರಿನಲ್ಲೇ ಹೋದೆ. ಖಾಲಿ ಕಾರು ಹಿಂದಕ್ಕೆ ಹೋದರೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ, ಬಂಡಿ ಕಾನೂನಿನಲ್ಲಂತೂ ಅದೇ ಧರ್ಮ. ಊರಿಗೆ ಊರೇ ಬಂದು ನಿಂತು ನೋಡಿತು. "ದೊರೆಗಳ ಮೋಟಾರು ಇಂಗೇನಾ ಓಡೋದು?" ಎಂದು ಯಾರೋ ಕೇಳಿದರು. "ಅಂಗಲ್ಲ ಕಣ್ಲಾ, ಮಾವನ ಮನೆ ಅಲ್ವಾ, ಮಖ ತೋರ್ಸಾಕೆ ಅಳಿಯಂಗೆ ನಾಚ್ಕೆ" ಎಂದು ಒಬ್ಬ ಅಜ್ಜ ಉತ್ತರ ಕೊಟ್ಟ.

ಹೆಣ್ಣನ್ನು ಕೂರಿಸಿಕೊಂಡು ಹೊರಟಾಗ ಕಾರು ಸೀದಾ ಮುಂದಕ್ಕೆ ಹೊರಟಿತು. ಪಕ್ಕದಲ್ಲಿ ಮಾವ, ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ ಕೂತಿದ್ದರು. ಎದುರಿಗೆ ಹುಲ್ಲಿನ ಬಂಡಿಗಳು ಬಂದವು, ಗೊಬ್ಬರದ ಬಂಡಿಗಳು ಬಂದವು. ಮದುವೆ ಹೆಣ್ಣಿಗಿಂತ ದೊಡ್ಡ ಭಾರ ಇನ್ನು ಯಾವುದಿದೆ? ಎಲ್ಲರೂ ಎತ್ತುಗಳನ್ನು ಹೊಲಕ್ಕೆ ಇಳಿಸಿ ದಾರಿ ಬಿಟ್ಟರು. ಹಾರನ್ನಿನ ಅಗತ್ಯವೇ ಬೀಳಲಿಲ್ಲ. ಛತ್ರದ ಮುಂದೆ ಕಾರು ಕೊನೆಯ ಸಲ ಎಗರಿ ನಿಂತಾಗ ಗಂಡಿನ ಸೋದರಮಾವ ಬಾಗಿಲಲ್ಲೇ ಇದ್ದ. ಮಾವ ಇಳಿದು ಅವನ ಮುಂದೆ ನಿಂತು, ಎಡಗಡೆಯ ಮೀಸೆಯನ್ನು ಒಂದು ಸಲ, ಬಲಗಡೆಯ ಮೀಸೆಯನ್ನು ಒಂದು ಸಲ ತಿರುವಿದರು. ಬಾಗಿಲ ಬಳಿ ಆರತಿ ತಟ್ಟೆ ಹಿಡಿದು ನಿಂತಿದ್ದ ಜಯಮ್ಮ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಬರುವುದಿಲ್ಲ, ಬಂದರೂ ಬರೆಯುವುದಿಲ್ಲ.

ಮದುವೆ ಮುಗಿಸಿಕೊಂಡು ಮೈಸೂರು ಮೈನ್ಸಿನ ಮನೆಗೆ ಬಂದೆವು. ಮಾವ ಹಾಕಿದ್ದ ಹಾರ ನನ್ನ ಕೊರಳಲ್ಲೇ ಇತ್ತು, ತೆಗೆಯಲು ಮನಸ್ಸಾಗಿರಲಿಲ್ಲ. ನಮ್ಮ ಲೈನ್ ಮನೆಯಲ್ಲಿ ಬೀದಿ ಬಾಗಿಲಿನಿಂದ ಹಿತ್ತಲಿಗೆ ಒಂದೇ ಒಂದು ನಡೆ, ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಬೇಕು. ನಾನು ಎದೆ ಉಬ್ಬಿಸಿಕೊಂಡು ಒಳಗೆ ನಡೆದೆ. ಮೊದಲೇ ಒಳಗೆ ಹೋಗಿದ್ದ ಜಯಮ್ಮ ಹಿತ್ತಲಿನ ಕಡೆಯಿಂದ ಬಂದಳು, ಸೊಂಟದಲ್ಲಿ ತುಂಬಿದ ತೊಟ್ಟಿನೀರಿನ ಕೊಡ, ಕೈಯಲ್ಲಿ ಬಕೀಟು, ಬಾಗಿಲು ತೊಳೆಯಲು ಹೊರಟಿದ್ದಳು. ನಡುವಿನಲ್ಲಿ ಎದುರುಬದುರಾದೆವು.

"ದಾರಿ ಬಿಡು ಜಯಾ, ಲೈಸೆನ್ಸ್ ಇರೋನು ಬರ್ತಿದ್ದೀನಿ" ಎಂದೆ.

ಅವಳು ಕದಲಲಿಲ್ಲ. "ಏನೈತೆ ನಿಮ್ಮ ಕೈಯಾಗೆ?" ಎಂದಳು.

ಜೇಬಿನಿಂದ ತೆಗೆದು ತೋರಿಸಿದೆ. "ಲೈಸೆನ್ಸು."

"ಎಷ್ಟು ಭಾರ ಐತೆ?"

ನಾನು ಅವಳ ಕೊಡವನ್ನು ನೋಡಿದೆ, ಬಕೀಟನ್ನು ನೋಡಿದೆ, ಕೈಯಲ್ಲಿದ್ದದ್ದನ್ನು ನೋಡಿದೆ. ಲೈಸೆನ್ಸನ್ನು ಜೇಬಿಗೆ ಹಾಕಿ, ಕುತ್ತಿಗೆ ತಿರುಗಿಸಿ, ಗೋಡೆಗೆ ತಗುಲದೆ, ಹೊಸ್ತಿಲು ಎಡವದೆ, ಬೀದಿ ಬಾಗಿಲಿನ ತನಕ ಸೀದಾ ಹಿಂದಕ್ಕೆ ನಡೆದೆ. ನಲ್ಲಿಯ ಹತ್ತಿರ ಸರದಿಗೆ ನಿಂತಿದ್ದ ಅಂಜಲೈ, ಹಾರ ಹಾಕಿಕೊಂಡು ಬೆನ್ನು ಮುಂದಾಗಿ ಮೆಟ್ಟಿಲಿಳಿಯುತ್ತಿದ್ದ ನನ್ನನ್ನು ಕಂಡು, ಅಭ್ಯಾಸಬಲದಿಂದ ಎರಡು ಕೈಯನ್ನೂ ಎತ್ತಿದಳು.

"ವಾಂಗ ಸಾರ್, ವಾಂಗ, ವಾಂಗ... ನಿಲ್ಲುಂಗ! ಎನ್ ಕೊಡಂ ಸಾರ್!"